ನನ್ನ ಹೆಸರಿನಲ್ಲಿ ಹೋದ ಹಣ

ಮಾರ್ಚ್ ೩, ಸೋಮವಾರ

ನಾನು ಈ ಮನೆಯ ಹಿರಿಯಳು. ಮನೆ ಎಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆ ಕಟ್ಟೆ, ಅಷ್ಟೇ. ಆದರೆ ಮನೆ ಚಿಕ್ಕದಾದರೆ ಹಿರಿತನ ಚಿಕ್ಕದಾಗುವುದಿಲ್ಲ. ಮದುವೆಯಾಗಿ ಬಂದ ದಿನದಿಂದ ಹಿರಿಸೊಸೆ, ಅತ್ತೆ ತೀರಿಕೊಂಡ ಮೇಲೆ ಯಜಮಾನಿ, ಗಂಡ ತೀರಿಕೊಂಡ ಮೇಲೆ ಯಜಮಾನನೂ ನಾನೇ. ಹೈಸ್ಕೂಲು ಮುಗಿಸಿದವಳು. ದೊಡ್ಡ ಹೋಟೆಲೊಂದರ ಇಸ್ತ್ರಿ ಕೋಣೆಗೆ ಮುಖ್ಯಸ್ಥೆ. ನಾನು ಇಸ್ತ್ರಿ ಮಾಡಿದ ಕಾಲರಿನಲ್ಲಿ ಸುಕ್ಕು ಹುಡುಕಲು ಹೋದ ಸೂಪರ್‌ವೈಸರ್‌ಗಳೆಲ್ಲ ಬದಲಾದರು, ನಾನು ಬದಲಾಗಲಿಲ್ಲ.

ಈ ದೇಶಕ್ಕೆ ಮೊದಲು ಬಂದವಳು ನಾನು. ಆಮೇಲೆ ಮಗ, ಸೊಸೆ, ಕೊನೆಗೆ ಮೈದುನ. ಮಗ ಸರಕು ಹಡಗಿನಲ್ಲಿ ಅಡುಗೆಯವನು, ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ. ಸೊಸೆ ನನ್ನ ಇಸ್ತ್ರಿ ಕೋಣೆಯಲ್ಲೇ ಬೆಡ್‌ಶೀಟು ಮಡಿಸುತ್ತಾಳೆ. ಮೈದುನ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಾನೆ. ನನಗೂ ಸೊಸೆಗೂ ಇಲ್ಲಿ ಇದ್ದು ದುಡಿಯಲು ಪರ್ಮಿಟ್ ಇದೆ. ಮೈದುನನದು ಮುಗಿದುಹೋಗಿದೆ. ಹೊಸದು ಮಾಡಿಸಿಕೊಡುತ್ತೇನೆಂದ ಮೇಸ್ತ್ರಿ ಹಣ ತೆಗೆದುಕೊಂಡು ಹೋದವನು ಮುಖ ತೋರಿಸಲಿಲ್ಲ. ಮೈದುನ ಮತ್ತೆ ಕೂಡಿಡುತ್ತಿದ್ದಾನೆ, ಪಾಪ.

ನಮ್ಮಲ್ಲೊಂದು ಪದ್ಧತಿ. ಸಂಬಳದ ದಿನ ಮೂವರ ಹಣವೂ ನನ್ನ ಮಂಚದ ಮೇಲೆ ಬರಬೇಕು. ನಾನು ಒಳ್ಳೆಯ ಸೀರೆ ಉಟ್ಟು, ಒಬ್ಬಳೇ ಹೋಗಿ, ಮನೆ ಖರ್ಚಿಗೆ ತೆಗೆದು ಉಳಿದದ್ದನ್ನು ನನ್ನ ಹೆಸರಿನಲ್ಲಿ ಒಟ್ಟಿಗೆ ಊರಿಗೆ ಕಳಿಸಿ ಬರುತ್ತೇನೆ. ಅಲ್ಲಿ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಬಿಡಿಸಿಕೊಳ್ಳುತ್ತಾಳೆ. ಅವಳಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆರಡು ಸಲ ಡಯಾಲಿಸಿಸ್ ಆಗಲೇಬೇಕು. ನಮ್ಮ ಹಣವೇ ಅವಳ ಉಸಿರು. ಸೊಸೆ ಒಮ್ಮೆ, "ನನ್ನ ಪಾಲು ನನ್ನ ಹೆಸರಲ್ಲೇ ಕಳಿಸ್ಲಾ ಅತ್ತೆ?" ಎಂದು ಕೇಳಿದ್ದಳು. "ಒಂದು ಮನೆಗೆ ಎಷ್ಟು ಬಾಗಿಲು?" ಎಂದೆ. ಮತ್ತೆ ಕೇಳಲಿಲ್ಲ.

ಇವತ್ತು ಊಟದ ಹೊತ್ತಿನಲ್ಲಿ ಟಿವಿಯಲ್ಲಿ ಹೊಸ ಕಾನೂನಿನ ಸುದ್ದಿ ಬಂತು. ಹೊರದೇಶಕ್ಕೆ ಹಣ ಕಳಿಸುವವರು ಪರ್ಮಿಟ್ ತೋರಿಸಬೇಕು, ಸಂಬಳದ ಚೀಟಿ ತೋರಿಸಬೇಕು. ಚೀಟಿಯಲ್ಲಿರುವುದಕ್ಕಿಂತ ಒಂದು ಕಾಸು ಹೆಚ್ಚು ಕಳಿಸುವಂತಿಲ್ಲ. ಇಸ್ತ್ರಿ ಕೋಣೆಯ ಹೆಂಗಸರೆಲ್ಲ ಚಮಚ ಕೆಳಗಿಟ್ಟರು. ನಾನು ಇಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೆ ನಾನೇನು ಕದ್ದಿದ್ದೇನೆಯೇ?

ಮಾರ್ಚ್ ೫

ಹಣ ಕಳಿಸುವ ಅಂಗಡಿಯಲ್ಲಿ ಸಾಲು ಬೀದಿಯವರೆಗೆ ಬಂದಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಹೋದ ತಿಂಗಳು ಇದೇ ಸಾಲಿನಲ್ಲಿ ಕಿವಿ ತೂತಾಗುವಷ್ಟು ಗದ್ದಲ.

ಕೌಂಟರಿನಲ್ಲಿ ಅದೇ ದಪ್ಪ ಕನ್ನಡಕದವನು. ಅವನೂ ಹೊರಗಿನಿಂದ ಬಂದವನೇ, ನನ್ನನ್ನು ಬಹಳ ಕಾಲದಿಂದ ಬಲ್ಲ. ನಾನು ಹಣದ ಗಂಟು ಮುಂದೆ ತಳ್ಳಿದೆ. ಅವನು ಅದನ್ನು ಮುಟ್ಟಲಿಲ್ಲ.

"ಅಮ್ಮಾ, ನಿಮ್ಮ ಸಂಬಳದಷ್ಟು ಮಾತ್ರ ಕೊಡಿ. ಮಿಕ್ಕಿದ್ದು ವಾಪಸ್ ಇಟ್ಕೊಳ್ಳಿ."

"ಇಷ್ಟು ವರ್ಷ ಕಳಿಸಿಲ್ವೇನಪ್ಪಾ? ಇವತ್ತೇನು ಹೊಸದಾಗಿ?"

"ಮೆಲ್ಲಗೆ, ಅಮ್ಮಾ. ಇಷ್ಟು ವರ್ಷ ಕಳಿಸಿದ್ದೇ ಈಗ ತಲೆನೋವು. ಈ ಮೆಷಿನ್ನು ಏನೂ ಮರೆಯೋಲ್ಲ. ಒಂದೇ ಹೆಸರಲ್ಲಿ ಮೂರು ಜನರ ದುಡ್ಡು ಹೋಗಿದೆ. ಹಳೇದನ್ನೂ ಕೆದಕ್ತಾರಂತೆ."

ನನ್ನ ಬೆನ್ನ ಹಿಂದೆ ನಿಂತವನು ಕೇಳಿಸಿಕೊಂಡನೇನೋ ಎಂದು ತಿರುಗಿ ನೋಡಿದೆ. ಅವನು ನನಗಿಂತ ಹೆಚ್ಚು ಹೆದರಿದ್ದ. ನನ್ನ ಸಂಬಳದಷ್ಟು ಕಳಿಸಿ, ಉಳಿದ ಗಂಟನ್ನು ಸೆರಗಿನೊಳಗೆ ಬಿಗಿದುಕೊಂಡು ಬಂದೆ. ದಾರಿಯುದ್ದಕ್ಕೂ ಸ್ವಂತ ದುಡ್ಡನ್ನು ಕದ್ದು ತರುತ್ತಿರುವ ಹಾಗೆ ಅನಿಸಿತು. ಬಸ್ ನಿಲ್ದಾಣದಲ್ಲಿ ಸಮವಸ್ತ್ರದವರಿಬ್ಬರು ನಿಂತಿದ್ದರು. ಬಸ್ಸು ಹತ್ತದೆ ನಡೆದೇ ಬಂದೆ. ಕಾಲು ನೋವಿಗೆ ನಡಿಗೆ ಒಳ್ಳೆಯದು.

ಸೊಸೆ ಏನಾಯಿತೆಂದು ಕೇಳಿದಳು. "ಮೆಷಿನ್ ಕೆಟ್ಟಿದೆ" ಎಂದೆ.

ಮಾರ್ಚ್ ೧೧

ಓರಗಿತ್ತಿಯ ಫೋನು. ನನಗೂ ಅವಳಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ.

"ಅಕ್ಕಾ, ಈ ಸಲ ಅರ್ಧಕ್ಕಿಂತ ಕಡಿಮೆ ಬಂದಿದೆ. ನಿಮ್ಮ ಮೈದುನ ಏನಾದ್ರೂ ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದಾರಾ?"

"ಅವನ ಮುಖಕ್ಕೆ ನೀನು ಸಿಕ್ಕಿದ್ದೇ ಹೆಚ್ಚು. ಇನ್ನೊಬ್ಬಳು ಬೇರೆ ಸಿಗ್ತಾಳಾ?"

ನಕ್ಕಳು. ನಗುವಾಗ ಅವಳಿಗೆ ಉಸಿರು ಸಾಲಲಿಲ್ಲ. ಆಮೇಲೆ ಹೇಳಿದಳು, ಆಸ್ಪತ್ರೆಯಲ್ಲಿ ಈ ತಿಂಗಳ ಕೊನೆಯವರೆಗೆ ಸಾಗುತ್ತದೆ, ಮುಂದಿನದಕ್ಕೆ ಮುಂಗಡ ಕೇಳುತ್ತಿದ್ದಾರೆ. ಒಂದು ಸರದಿ ತಪ್ಪಿದರೂ ಮೈ ಬಾತುಕೊಳ್ಳುತ್ತದೆ, ಎರಡು ತಪ್ಪಿದರೆ ಹೇಳುವುದು ಬೇಡ.

"ನನ್ನನ್ನ ಸಾಯೋಕೆ ಬಿಡಲ್ಲ ನೀವು, ಗೊತ್ತು. ನಾನು ಹೋದ್ರೆ ಆಮೇಲೆ ಯಾರನ್ನ ಬೈತೀರಿ?"

"ಬಾಯಿ ಮುಚ್ಚು, ಔಷಧಿ ತಗೋ" ಎಂದು ಇಟ್ಟುಬಿಟ್ಟೆ. ಪಕ್ಕದಲ್ಲಿ ಮೈದುನ ಬ್ರಷ್ಷಿನ ಬಣ್ಣ ಉಜ್ಜುತ್ತಾ ಕೂತಿದ್ದ. ಬಣ್ಣ ಬಿಟ್ಟುಹೋಗಿದ್ದರೂ ಉಜ್ಜುತ್ತಲೇ ಇದ್ದ.

ಮಾರ್ಚ್ ೧೪, ಶುಕ್ರವಾರ



ಮಾರುಕಟ್ಟೆಯ ಹಿಂದೆ ಫೋನ್ ರಿಪೇರಿ ಅಂಗಡಿಯವನೊಬ್ಬ ಚೀಟಿ ಇಲ್ಲದೆ, ಪರ್ಮಿಟ್ ಇಲ್ಲದೆ ಹಣ ಮುಟ್ಟಿಸುತ್ತಾನೆಂದು ಇಸ್ತ್ರಿ ಕೋಣೆಯಲ್ಲಿ ಪಿಸುಮಾತು. ನೂರಕ್ಕೆ ಹತ್ತು ಅವನಿಗೆ. ಮೈದುನನಿಗೆ ಹೋಗು ಎಂದೆ.

ಸೊಸೆ ಅಡ್ಡ ಬಂದಳು. "ಬೇಡ ಅತ್ತೆ. ಅಂಥ ಅಂಗಡಿ ಮೇಲೇ ಈಗ ಕಣ್ಣಿಟ್ಟಿರ್ತಾರೆ. ಸಿಕ್ಕಿಬಿದ್ರೆ ದುಡ್ಡೂ ಹೋಯ್ತು, ಚಿಕ್ಕಮಾವನೂ ಹೋದ್ರು."

"ನಿನ್ನ ಕೇಳಿದ್ನಾ?"

 ಅವನು ಹೋದ.

ಹೋದವನು ಬರಲಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಮೆಟ್ಟಿಲ ಮೇಲೆ ಯಾವ ಹೆಜ್ಜೆ ಕೇಳಿದರೂ ಬಾಗಿಲಿಗೆ ಕಿವಿ ಹಚ್ಚುತ್ತಿದ್ದೆ. ಅವನ ಹೆಜ್ಜೆಯಾದರೆ ಸರಿ, ಬೂಟಿನ ಹೆಜ್ಜೆಯಾದರೆ? ಬೂಟಿನವರು ಮೊದಲು ಇಲ್ಲಿಗೇ ಬರುತ್ತಾರೆ. ಅವನ ಹಾಸಿಗೆಯನ್ನು ಸುತ್ತಿ ಮಂಚದ ಕೆಳಗೆ ನೂಕಿದೆ. ಅವನ ಹಲ್ಲುಜ್ಜುವ ಬ್ರಷ್ಷನ್ನು ಎತ್ತಿ ಅಕ್ಕಿಯೊಳಗೆ ಹೂತೆ. ಸೊಸೆ ಅವನ ಅಂಗಿಗಳನ್ನು ನನ್ನ ಮಗನ ಅಂಗಿಗಳ ನಡುವೆ ಮಡಿಸಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಬಂದ. ಒಂದೇ ಕಾಲಿಗೆ ಚಪ್ಪಲಿ.

"ಅತ್ತಿಗೆ, ದುಡ್ಡು ಉಳೀತು, ಚಪ್ಪಲಿ ಹೋಯ್ತು."

ಅಂಗಡಿಯ ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗಲೇ ಅಲ್ಲಿ ಜೀಪು ನಿಂತಿತಂತೆ. ಒಳಗಿದ್ದವರನ್ನೆಲ್ಲ ಸಾಲಾಗಿ ಹತ್ತಿಸಿದರಂತೆ. ಇವನು ಮೀನು ಅಂಗಡಿಯ ಸಂದಿಯಲ್ಲಿ ನುಸುಳಿ, ಡಬ್ಬಗಳ ಹಿಂದೆ ಕುಕ್ಕರಿಸಿ ಕೂತಿದ್ದ. ಮೈಯೆಲ್ಲ ನಾತ. ನಾನು ಬೈಯಲಿಲ್ಲ, ಬಕೆಟ್ಟಿಗೆ ನೀರು ತುಂಬಿಸಿ ಮುಂದಿಟ್ಟೆ.

"ಬೈಯಿರಿ ಅತ್ತಿಗೆ" ಎಂದ. "ನೀವು ಸುಮ್ಮನಿದ್ರೆ ನನಗೆ ಜಾಸ್ತಿ ಹೆದರಿಕೆ."

ನನಗೇನು ಗೊತ್ತಿತ್ತು ಜೀಪು ಇವತ್ತೇ ಬರುತ್ತದೆಂದು?

ಮಾರ್ಚ್ ೧೫

ಅತಿಥಿಯೊಬ್ಬರ ಬಿಳಿ ಅಂಗಿ ಸುಟ್ಟೆ. ಎದೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಗುರುತು. ಇಸ್ತ್ರಿ ಹಿಡಿದ ಮೇಲೆ ಇದೇ ಮೊದಲು. ಸೂಪರ್‌ವೈಸರ್ ಬರುವಷ್ಟರಲ್ಲಿ ಅಂಗಿ ನನ್ನ ಮೇಜಿನ ಮೇಲಿರಲಿಲ್ಲ. ಸೊಸೆ ಎತ್ತಿಕೊಂಡು, "ನನ್ನಿಂದ ಆಯ್ತು ಸರ್" ಎನ್ನುತ್ತಿದ್ದಳು. ಅವಳ ಅರ್ಧ ದಿನದ ಕೂಲಿ ಹಿಡಿದರು.

ನಾನು ಹೇಳಿರಲಿಲ್ಲ ಅವಳಿಗೆ.

ಮಾರ್ಚ್ ೨೧

ಕೆಳಗಿನ ಮಹಡಿಯಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದ ಹೆಂಗಸೊಬ್ಬಳಿದ್ದಳು, ಅವಳನ್ನು ಬೆಳಿಗ್ಗೆ ಕರೆದೊಯ್ದರು. ಅವಳೂ ಯಾರದೋ ಹಣ ತನ್ನ ಹೆಸರಿನಲ್ಲಿ ಕಳಿಸಿದ್ದಳಂತೆ. ವಿಚಾರಣೆಗೆ ಕರೆದರು, ಉತ್ತರ ಸರಿ ಬರಲಿಲ್ಲ, ಮನೆ ನೋಡಲು ಬಂದರು. ಮನೆಯಲ್ಲಿ ಪರ್ಮಿಟ್ ಇಲ್ಲದ ತಂಗಿ. ಇಬ್ಬರೂ ಹೋದರು. ಒಲೆಯ ಮೇಲೆ ಹಾಲಿಟ್ಟಿದ್ದಳು, ಉಕ್ಕಿ ಸೀದ ವಾಸನೆ ನಮ್ಮ ಮಹಡಿಯವರೆಗೆ ಬಂತು. ಮನೆಯ ಮಾಲೀಕ ಬಂದು ಒಲೆ ಆರಿಸಿದ.

ಮೈದುನ ಇವತ್ತು ಕೆಲಸಕ್ಕೆ ಹೋಗಲಿಲ್ಲ. ಕಿಟಕಿಯ ಹತ್ತಿರವೂ ಹೋಗಬೇಡ ಎಂದಿದ್ದೇನೆ.

ಮಾರ್ಚ್ ೨೩

ಹಣ ಮನೆಯಲ್ಲಿದೆ, ಊರಿಗೆ ದಾರಿಯಿಲ್ಲ. ಬಾವಿಯಲ್ಲಿ ನೀರಿದ್ದೂ ಹಗ್ಗ ಗಿಡ್ಡ.

ಸೊಸೆ ಅನ್ನ ಬಡಿಸುತ್ತಾ ತಾನೇ ಹೇಳಿದಳು, ನನ್ನ ಮುಖ ನೋಡದೆ. "ಅತ್ತೆ, ಒಂದು ಮಾತು. ಚಿಕ್ಕಮಾವನ ದುಡ್ಡು ಊರಿಗೆ ಹೋಗೋದೇ ಬೇಡ. ಬಾಡಿಗೆ, ಅಕ್ಕಿ, ಕರೆಂಟು ಎಲ್ಲ ಅದರಲ್ಲೇ ನಡೀಲಿ. ನಿಮ್ಮ ಸಂಬಳ ಪೂರ್ತಿ ನಿಮ್ಮ ಹೆಸರಲ್ಲಿ, ನನ್ನದು ಪೂರ್ತಿ ನನ್ನ ಹೆಸರಲ್ಲಿ ಕಳಿಸೋಣ. ಚೀಟಿಗೂ ಸರಿ, ಆಸ್ಪತ್ರೆಗೂ ಸರಿ."

ಮೈದುನ ತುತ್ತು ಕೈಯಲ್ಲೇ ಹಿಡಿದು, "ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ!" ಎಂದ. "ಇವಳನ್ನ ಮಂತ್ರಿ ಮಾಡ್ಬೇಕು ಅತ್ತಿಗೆ."

"ಮೊದಲು ಸಾರಿಗೆ ಉಪ್ಪು ಹಾಕೋದು ಕಲೀಲಿ" ಎಂದೆ.

ಉಪ್ಪು ಸರಿಯಾಗಿಯೇ ಇತ್ತು.

ಏಪ್ರಿಲ್ ೨

ಇಬ್ಬರೂ ಹೋದೆವು. ಎರಡು ಚೀಟಿ, ಎರಡು ಹೆಸರು. ಕೌಂಟರಿನಲ್ಲಿ ಸೊಸೆ ಮೊದಲು ನನ್ನನ್ನು ಮುಂದೆ ಬಿಟ್ಟಳು. ತನ್ನ ಸರದಿಯಲ್ಲಿ ಅವಳು ಹೆಸರಿನ ಮೊದಲಕ್ಷರ ಬರೆದು ಹೊಡೆದುಹಾಕಿದಳು. ಪೆನ್ನು ಹಿಡಿದ ಕೈಯನ್ನು ಒತ್ತಿ ಹಿಡಿದೆ. ಅಕ್ಷರ ಸೊಟ್ಟ ಬಂದೀತೆಂದು.

ಓರಗಿತ್ತಿಗೆ ಮುಂಗಡ ಕಟ್ಟಲು ಸಾಕಾಯಿತು. "ಅಕ್ಕಾ, ಈ ಸಲ ಇನ್ನೊಂದು ಹೆಸರು ಬಂದಿದೆ. ನಿಮ್ಮ ರಾಜ್ಯದಲ್ಲಿ ಪಾಲುದಾರರು ಯಾವಾಗಿಂದ?" ಎಂದಳು. ಅವಳಿಗೆ ಉತ್ತರ ಕೊಡುವ ಅಗತ್ಯವಿಲ್ಲ.

ಬಹಳ ದಿನದ ಮೇಲೆ ಊಟ ರುಚಿಸಿತು.

ಏಪ್ರಿಲ್ ೮, ಮಂಗಳವಾರ

ಬಂತು.

ಇಸ್ತ್ರಿ ಮಾಡುತ್ತಿರುವಾಗ ಫೋನು ಗುಂಯ್ ಎಂದಿತು. ವಲಸೆ ಕಚೇರಿಯ ಸಂದೇಶ. ಈ ತಿಂಗಳ ಇಪ್ಪತ್ತೆರಡಕ್ಕೆ ವಿಚಾರಣೆ. ಹಿಂದಿನ ವರ್ಷಗಳಲ್ಲಿ ನನ್ನ ಹೆಸರಿನಿಂದ ಹೋದ ಹಣ ನನ್ನ ಸಂಬಳವನ್ನು ಮೀರಿದೆ, ಹೆಚ್ಚಿನದು ಯಾರದೆಂದು ತಿಳಿಸಬೇಕು. ಉತ್ತರ ತೃಪ್ತಿಕರವಾಗಿರದಿದ್ದರೆ ವಾಸದ ಸ್ಥಳವನ್ನು ಪರಿಶೀಲಿಸಲಾಗುವುದು.

ವಾಸದ ಸ್ಥಳ. ನಮ್ಮ ಎರಡು ಕೋಣೆ. ಮಂಚದ ಕೆಳಗಿನ ಹಾಸಿಗೆ.

ಉಗಿಯ ಮೆಷಿನ್ನಿನ ಪಕ್ಕದಲ್ಲಿ ನಿಂತೂ ಚಳಿಯಾಯಿತು. ಸೊಸೆ ದೂರದ ಮೇಜಿನಿಂದ ನೋಡಿ, ಕೈಯಲ್ಲಿದ್ದ ಬೆಡ್‌ಶೀಟನ್ನು ಅರ್ಧಕ್ಕೇ ಬಿಟ್ಟು ಬಂದಳು. ಕೆಲಸದ ನಡುವೆ ಮೇಜು ಬಿಟ್ಟರೆ ಬೈಯುವವಳು ನಾನು. ಬೈಯಲಿಲ್ಲ. ಫೋನು ಅವಳ ಕೈಗೆ ಕೊಟ್ಟೆ, "ಓದು" ಎಂದೆ. ನಾನೇ ಓದಿದ್ದೆ. ಆದರೂ ಓದಲಿ ಎನಿಸಿತು.

ಏಪ್ರಿಲ್ ೯

ನಿಜ ಹೇಳಿದರೆ ಮೈದುನನನ್ನು ಹಿಡಿಯುತ್ತಾರೆ. ಅವನು ಕೂಡಿಟ್ಟದ್ದನ್ನೂ ಮುಟ್ಟುಗೋಲು ಹಾಕುತ್ತಾರೆ. ಅವನಿಲ್ಲದಿದ್ದರೆ ಇಲ್ಲಿಯ ಬಾಡಿಗೆಗೆ ನಮ್ಮ ಸಂಬಳ ಹೋಗುತ್ತದೆ, ಅಲ್ಲಿ ಓರಗಿತ್ತಿಯ ಡಯಾಲಿಸಿಸ್ ಸರದಿ ತಪ್ಪುತ್ತದೆ. ಸುಳ್ಳು ಹೇಳಿದರೆ ಮನೆ ನೋಡಲು ಬರುತ್ತಾರೆ. ಬೇರೆ ಕಡೆ ಅಡಗಿಸೋಣವೆಂದರೆ ಪರ್ಮಿಟ್ ಇಲ್ಲದವನನ್ನು ಈಗ ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ?

ಅತ್ತ ದರಿ, ಇತ್ತ ಪುಲಿ.

ಏಪ್ರಿಲ್ ೧೦

ಮೈದುನ ಇರುವ ಒಂದೇ ಒಳ್ಳೆಯ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ನನ್ನ ಮುಂದೆ ನಿಂತ.

"ಅತ್ತಿಗೆ, ನಾನೇ ಹೋಗಿ ಒಪ್ಪಿಸಿಕೊಂಡುಬಿಡ್ತೀನಿ. ನಿಮ್ಮ ಮೇಲಿನ ಕೇಸು ಮುಗಿಯುತ್ತೆ."

"ಒಪ್ಪಿಸಿಕೊಂಡು?"

"ಒಳಗೆ ಹಾಕ್ತಾರೆ. ಆಮೇಲೆ ಯಾವತ್ತಾದರೂ ಕಳಿಸ್ತಾರೆ."

"ಅಷ್ಟರಲ್ಲಿ ನಿನ್ನ ಹೆಂಡತಿ?"

ಕೂತುಬಿಟ್ಟ. ಈ ಮನೆತನಕ್ಕೆ ನಾನು ಸೊಸೆಯಾಗಿ ಬಂದಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನಾನೇ ಹಾಕುತ್ತಿದ್ದೆ. ಇವತ್ತು ಅಂಗಿಯ ಗುಂಡಿಗಳನ್ನು ಒಂದಕ್ಕೊಂದು ತಪ್ಪಿಸಿ ಹಾಕಿಕೊಂಡಿದ್ದ. ಸರಿ ಮಾಡಿದೆ. "ಅಂಗಿ ಬಿಚ್ಚಿಡು, ಕೊಳೆಯಾಗುತ್ತೆ" ಎಂದೆ.

ಏಪ್ರಿಲ್ ೧೧

ಸೊಸೆ ಕೆಲಸ ಮುಗಿಸಿ ಕೌಂಟರಿನ ಕನ್ನಡಕದವನ ಹತ್ತಿರ ಹೋಗಿ ಬಂದಳು, ನನ್ನನ್ನು ಕೇಳದೆ. ಕಾನೂನಿನಲ್ಲಿ ಇನ್ನೊಂದು ಸಂದಿ ಇದೆಯಂತೆ. ವಿಚಾರಣೆಯ ದಿನಕ್ಕೆ ಮೊದಲೇ ತಾವಾಗಿ ಹೋಗಿ, ಪರ್ಮಿಟ್ಟಿನ ಕೆಲಸವಲ್ಲದೆ ಹೊರಗೂ ದುಡಿದು ಗಳಿಸಿದ್ದೆಂದು ಒಪ್ಪಿಕೊಂಡು, ಪರ್ಮಿಟ್ ಒಪ್ಪಿಸಿ ದೇಶ ಬಿಡುವವರಿಗೆ ದಂಡ ಹಾಕಿ ಕಡತ ಮುಚ್ಚುತ್ತಾರೆ. ಮನೆ ನೋಡಲು ಬರುವುದಿಲ್ಲ. ಪರ್ಮಿಟ್ ಇಲ್ಲದವರಿಗೆ ಮಾತ್ರ ಈ ಸಂದಿಯಿಲ್ಲ, ನೇರ ಒಳಗೆ. ಹೋಗುವವರು ಕೈಯಲ್ಲಿರುವ ಹಣವನ್ನೆಲ್ಲ ತಮ್ಮದೆಂದು ಬರೆದುಕೊಟ್ಟು ಒಂದೇ ಸಲಕ್ಕೆ ಊರಿಗೆ ಕಳಿಸಬಹುದು, ಮಿತಿಯಿಲ್ಲ. ಆದರೆ ಮತ್ತೆ ಈ ದೇಶದೊಳಗೆ ಕಾಲಿಡುವಂತಿಲ್ಲ, ಸಾಯುವವರೆಗೆ.

 ಆಮೇಲೆ ಅವಳೇ, "ನಾನು ಹೋಗ್ತೀನಿ ಅತ್ತೆ. ಹೆಚ್ಚಿನ ದುಡ್ಡು ನನ್ನದು ಅಂತೀನಿ. ನಿಮಗೆ ಇಲ್ಲಿ ಕೆಲಸ ಇದೆ, ಹೆಸರಿದೆ" ಎಂದಳು.

"ನಿನ್ನ ಗಂಡ ಹಡಗಿಂದ ಇಳಿದು ಯಾರ ಮುಖ ನೋಡ್ತಾನೆ? ನನ್ನದಾ?"

ಅಳುತ್ತಿದ್ದವಳು ನಕ್ಕಳು.

ಏಪ್ರಿಲ್ ೧೩

ನಾನು ಹೋದರೆ ಹೇಗೆಂದು ಲೆಕ್ಕ ಹಾಕಿ ನೋಡಿದೆ. ಸೊಸೆಯ ಸಂಬಳ ಪೂರ್ತಿ ಅವಳ ಹೆಸರಿನಲ್ಲಿ ಹೋಗಬಹುದು. ಮೈದುನನ ದುಡಿಮೆಯಿಂದ ಮನೆ ನಡೆಯುತ್ತದೆ. ಹೋಟೆಲಿನವರು ಕೊಡುವ ಕೊನೆಯ ಹಣ, ಮೈದುನ ಪರ್ಮಿಟ್ಟಿಗೆಂದು ಕೂಡಿಟ್ಟದ್ದು, ಎರಡನ್ನೂ ಸೇರಿಸಿದರೆ ದಂಡ ಕಳೆದು ಓರಗಿತ್ತಿಯ ಆಸ್ಪತ್ರೆಗೆ ದೀರ್ಘ ಕಾಲ ಯೋಚನೆಯಿಲ್ಲ.

ಮೈದುನನನ್ನು ಕೇಳಿದೆ. ಇದುವರೆಗೆ ಅವನ ಹಣವನ್ನು ಕೇಳಿ ತೆಗೆದುಕೊಂಡವಳಲ್ಲ, ಇದು ಬೇರೆ. "ಪರ್ಮಿಟ್ಟು ಯಾರಿಗೆ ಬೇಕು ಅತ್ತಿಗೆ, ಅವಳೇ ಇಲ್ದಿದ್ರೆ?" ಎಂದು ಗೋಡೆಗೆ ತಿರುಗಿದ.

ಹೆದರಿಕೆ ಹೋಗಿಲ್ಲ. ಅದರ ಮುಖ ಬದಲಾಗಿದೆ. ಊರಿನ ಮನೆಯಲ್ಲಿ ಈಗ ಓರಗಿತ್ತಿಯೇ ಯಜಮಾನಿ. ಯಾವ ಡಬ್ಬಿಯಲ್ಲಿ ಏನಿದೆ ಎಂದು ನಾನು ಅವಳನ್ನು ಕೇಳಬೇಕು. ಇಸ್ತ್ರಿ ಕೋಣೆಯಲ್ಲಿ ನಾನು ಕೆಮ್ಮಿದರೆ ಮಾತು ನಿಲ್ಲುತ್ತದೆ. ಅಲ್ಲಿ ಕೆಮ್ಮಿದರೆ ಕಷಾಯ ಕೊಡುತ್ತಾರೆ. ಪರ್ಮಿಟ್ಟಿಲ್ಲದ, ಸಂಬಳವಿಲ್ಲದ ಹೆಂಗಸು ನಾನು ಎಂದೂ ಆಗಿರಲಿಲ್ಲ. ಹೇಗಿರಬೇಕೆಂದು ಗೊತ್ತಿಲ್ಲ.

ಸೊಸೆಗೆ ಉಗಿ ಮೆಷಿನ್ನಿನ ಹಿಡಿತ ಹೇಳಿಕೊಟ್ಟೆ. ಬೇಗ ಕಲಿಯುತ್ತಾಳೆ. ಮೊದಲೇ ಹೇಳಿಕೊಡಬಹುದಿತ್ತು, ಹೊತ್ತೆಲ್ಲಿತ್ತು.

ಏಪ್ರಿಲ್ ೧೫, ಮಂಗಳವಾರ

ಮುಗಿಸಿ ಬಂದೆ.

ವಲಸೆ ಕಚೇರಿಯ ಮೇಜಿನ ಹಿಂದೆ ಸೊಸೆಯ ವಯಸ್ಸಿನ ಅಧಿಕಾರಿಣಿ. ಸೊಸೆ ಹೊರಗೆ ಬೆಂಚಿನ ಮೇಲೆ. ಜೊತೆಗೆ ಬರುತ್ತೇನೆಂದಳು, ಬೇಡವೆಂದೆ. ಮೈದುನನನ್ನು ಮನೆಯೊಳಗಿಟ್ಟು ಬೀಗ ಹಾಕಿಕೊಂಡು ಬಂದಿದ್ದೆವು.

"ಹೆಚ್ಚಿಗೆ ಹೋಗಿರೋ ಹಣ ಯಾರದು?"

"ನನ್ನದು."

"ಈಗ ಕಳಿಸ್ತೀನಿ ಅಂತ ಬರೆದಿರೋದು?"

"ಅದೂ ನನ್ನದೇ. ಹೊರಗಿನ ಬಟ್ಟೆ ಇಸ್ತ್ರಿ ಮಾಡಿದೆ. ಮಾಡಬಾರದಿತ್ತು, ಮಾಡಿದೆ."

"ಮನೇಲಿ ಯಾರ್ಯಾರಿದ್ದೀರಿ?"

"ಸೊಸೆ. ಅವಳಿಗೆ ಪರ್ಮಿಟ್ ಇದೆ. ಮಗ ಹಡಗಲ್ಲಿ."

"ಬೇರೆ ಯಾರೂ ಇಲ್ವಾ?"

  ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ.

"ಇಲ್ಲ."

ಅವಳು ಬರೆಯುವುದನ್ನು ನಿಲ್ಲಿಸಿದಳು. "ಒಬ್ಬರೇ ಇಷ್ಟೊಂದು ದುಡಿದ್ರಾ, ಈ ವಯಸ್ಸಲ್ಲಿ?"

ಎರಡೂ ಕೈಗಳನ್ನು ಅವಳ ಕಾಗದದ ಮೇಲೆ ಇಟ್ಟೆ. ಇಸ್ತ್ರಿಯ ಸುಟ್ಟ ಗುರುತುಗಳು, ಉಗಿಗೆ ಬೆಂದು ಹೊಳೆಯುವ ಚರ್ಮ. ಹಾಗೆ ಯಾರಿಗೂ ತೋರಿಸಿದವಳಲ್ಲ. ಅವಳು ನೋಡಿದಳು, ನಂಬಿದಳೋ ಇಲ್ಲವೋ ಹೇಳಲಾರೆ. ಬಾಗಿಲ ಕಡೆ ಒಮ್ಮೆ ನೋಡಿದಳು. ನಾನು ಅವಳ ಪೆನ್ನನ್ನೇ ನೋಡುತ್ತಿದ್ದೆ.

"ದಂಡ ಕಟ್ಬೇಕು. ಶುಕ್ರವಾರದೊಳಗೆ ದೇಶ ಬಿಡ್ಬೇಕು. ಮತ್ತೆ ಬರೋಕಾಗಲ್ಲ, ಅರ್ಥ ಆಯ್ತಲ್ಲ?"

"ಸಹಿ ಎಲ್ಲಿ?"

ತೋರಿಸಿದಳು. ಮಾಡಿದೆ. ದಂಡದ ಹಣ ಎಣಿಸಿಕೊಂಡು, ನನ್ನ ಪರ್ಮಿಟ್ ತೆಗೆದುಕೊಂಡು ಕತ್ತರಿಯಿಂದ ಮೂಲೆ ಕತ್ತರಿಸಿದಳು. ಕಡತದ ಮೇಲೆ ಮುದ್ರೆ ಬಿತ್ತು.

ಅಲ್ಲಿಂದ ನೇರ ಕೌಂಟರಿಗೆ. ಕನ್ನಡಕದವನು ಕಚೇರಿಯ ಕಾಗದ ಓದಿ ಎದ್ದು ನಿಂತ, ಆಮೇಲೆ ಏಕೆ ಎದ್ದೆನೆಂದು ತಿಳಿಯದವನಂತೆ ಕೂತ. ಎಲ್ಲವನ್ನೂ ಒಂದೇ ಸಲಕ್ಕೆ ಕಳಿಸಿದೆ. ಹೊರಗೆ ಬಂದಾಗ ಸೊಸೆ ನನ್ನ ತೋಳು ಹಿಡಿದುಕೊಂಡಳು. ಮೆಟ್ಟಿಲು ಎತ್ತರವಿತ್ತು, ಬಿಡಿಸಿಕೊಳ್ಳಲಿಲ್ಲ.

ಸಂಜೆ ಓರಗಿತ್ತಿಯ ಆಸ್ಪತ್ರೆಯಿಂದ ಹಣ ಕಟ್ಟಿಸಿಕೊಂಡದ್ದಾಯಿತೆಂದು ಸಂದೇಶ ಬಂದಿದೆ. ನನ್ನ ವಿಮಾನ ಶುಕ್ರವಾರ.